ಚಾಕು ಕೈಗೆ ಕೊಟ್ಟವಳು

ಇಪ್ಪತ್ತೆರಡು ವರ್ಷದ ಸ್ನೇಹವೊಂದನ್ನು ನಾನು ಅರ್ಧ ಸೆಕೆಂಡಿನಲ್ಲಿ ಕತ್ತರಿಸಿಬಿಟ್ಟೆನಂತೆ. ಬಳಸಿದ ಆಯುಧ, ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದದ ಒಂದು ಮಡಚುವ ಚಾಕು.

ಯಾರಿಗೂ ಗಾಯವಾಗಿಲ್ಲ. ಒಂದು ಹನಿ ರಕ್ತ ಬಂದಿಲ್ಲ. ಆದರೂ ರಾಜೀವನಗರದ ನಮ್ಮ ಅಡ್ಡರಸ್ತೆಯ ಎರಡು ಮನೆಗಳು ನನ್ನನ್ನು ಅಪರಾಧಿ ಎಂದು ತೀರ್ಮಾನಿಸಿದವು. ಅದೂ ಒಂದು ಮನೆ ಇನ್ನೊಂದರ ಜೊತೆ ಮಾತನಾಡದೆಯೇ! ಅಷ್ಟು ಒಮ್ಮತ ನಮ್ಮ ರಸ್ತೆಯಲ್ಲಿ ಚರಂಡಿ ವಿಷಯದಲ್ಲೂ ಬಂದಿದ್ದಿಲ್ಲ.

ಮೊದಲು ಚಾಕುವಿನ ಪರಿಚಯ ಮಾಡಿಕೊಡುತ್ತೇನೆ. (ಆರೋಪಿಗೂ ಪರಿಚಯದ ಹಕ್ಕಿದೆ.)

ಇಂಟರ್ನೆಟ್ಟಿನಲ್ಲಿ ಒಂದು ಥರದ ವಿಡಿಯೋಗಳಿವೆ, ನೀವೂ ನೋಡಿರುತ್ತೀರಿ. ಗಡ್ಡ ಬಿಟ್ಟ ಮಹಾಶಯನೊಬ್ಬ ಮರದ ಟೇಬಲ್ಲಿನ ಮೇಲೆ ತನ್ನ ಜೇಬು ಖಾಲಿ ಮಾಡುತ್ತಾನೆ. ಪರ್ಸು, ಬೀಗದ ಕೈ, ಪೆನ್ನು, ಪುಟ್ಟ ಟಾರ್ಚು, ಒಂದು ಮಡಚುವ ಚಾಕು. ಎಲ್ಲವನ್ನೂ ಸಾಲಾಗಿ ಜೋಡಿಸಿಡುತ್ತಾನೆ. ಅಷ್ಟೇ. ಮುಗಿಯಿತು. ಇದಕ್ಕೆ 'ಎವೆರಿಡೇ ಕ್ಯಾರಿ' ಎಂದು ಹೆಸರು. ದಿನಾ ಜೊತೆಯಲ್ಲಿ ಒಯ್ಯುವ ಸಾಮಾನು ಎಂದರ್ಥ. ಇದನ್ನು ಲಕ್ಷಾಂತರ ಜನ ಕೂತು ನೋಡುತ್ತಾರೆ.

ಏನಿದೆ ಇದರಲ್ಲಿ ನೋಡುವುದು? ನಮ್ಮಮ್ಮನ ವ್ಯಾನಿಟಿ ಬ್ಯಾಗನ್ನು ಟೇಬಲ್ಲಿನ ಮೇಲೆ ಕೊಡವಿದರೆ ಸೇಫ್ಟಿ ಪಿನ್ನಿನ ಗೊಂಚಲು, ಏಲಕ್ಕಿ, ತಲೆನೋವಿನ ಮುಲಾಮು, ಮಡಚಿಟ್ಟ ಬಟ್ಟೆಚೀಲ, ಯಾವುದೋ ಮದುವೆಯಲ್ಲಿ ಕೊಟ್ಟ ಅಡಕೆ ಪೊಟ್ಟಣ, ಅಕ್ಷರ ಅಳಿಸಿಹೋದ ಔಷಧಿ ಚೀಟಿ ಎಲ್ಲ ಬೀಳುತ್ತವೆ. ಭೂಕಂಪವಾದರೂ ಆ ಬ್ಯಾಗಿನಿಂದ ನಾಲ್ಕು ದಿನ ಸಂಸಾರ ನಡೆಸಬಹುದು. ಅಮ್ಮನಿಗೆ ಮಾತ್ರ ಒಬ್ಬ ಫಾಲೋವರ್ರೂ ಇಲ್ಲ.

ಹೀಗೆಲ್ಲ ಮನಸ್ಸಿನಲ್ಲೇ ವಾದಿಸುತ್ತ ನಾನು ಇಪ್ಪತ್ತು ವಿಡಿಯೋ ನೋಡಿ ಮುಗಿಸಿದ್ದೆ. ಇಪ್ಪತ್ತೊಂದನೆಯದರ ಹೊತ್ತಿಗೆ ನನಗೂ ಒಂದು ಚಾಕು ಬೇಕಾಗಿತ್ತು.

ಅದು ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ. ಅಮ್ಮನ ಮಿಕ್ಸಿ ಜಾರಿನ ಬ್ಲೇಡು ಮತ್ತು ಎರಡು ಕತ್ತರಿಗಳಿಗೆ ಸಾಣೆ ಹಿಡಿಸಲು ಹೋಗಿದ್ದೆ. ನಜೀರ್ ಚಾಚಾ ಅವರ ಅಂಗಡಿ ಒಂದು ಮಂಚದಷ್ಟು ಅಗಲ. ಒಂದು ಕಡೆ ಸಾಣೆ ಚಕ್ರ, ಇನ್ನೊಂದು ಕಡೆ ಚಾಚಾ, ಉಳಿದ ಜಾಗದಲ್ಲಿ ಗಿರಾಕಿ ಒಂಟಿ ಕಾಲಲ್ಲಿ ನಿಲ್ಲಬಹುದು. ಅವರ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಐದಾರು ಪುಟ್ಟ ಚಾಕುಗಳು ಮಲಗಿದ್ದವು. ಹಳೆಯ ಗರಗಸದ ಪಟ್ಟಿಯಿಂದ ಅಲಗು, ಮರದಲ್ಲಿ ಚಿತ್ರ ಕೂರಿಸುವ ಇನ್‌ಲೇ ಕೆಲಸದವರ ಬಳಿ ಉಳಿದ ಬೀಟೆಮರದ ಚೂರಿನಿಂದ ಹಿಡಿ, ನಡುವೆ ಮೂರು ಹಿತ್ತಾಳೆ ರಿವೆಟ್ಟು. ಎಲ್ಲ ಅವರೇ ಬಿಡುವಿನಲ್ಲಿ ಮಾಡಿದ್ದು.

"ಮಾರೋಕಾ ಚಾಚಾ ಇದು?"

"ಮಾರೋಕೇ ಮಾ. ಯಾರ್ ತಗೋತಾರೆ? ಎಲ್ಲಾರಿಗೂ ಪ್ಲಾಸ್ಟಿಕ್ ಹಿಡೀದೇ ಬೇಕು. ಎಸೀಬೋದು ಅಂತ."

ಒಂದನ್ನು ತೆಗೆದು ಉಗುರಿನಿಂದ ಅಲಗು ಬಿಡಿಸಿದರು. 'ಟಕ್' ಎಂದಿತು. ಆ ಶಬ್ದಕ್ಕೇ ನಾನು ಅರ್ಧ ಸೋತೆ. ಸಪೂರ ಅಲಗು, ತುದಿಯಲ್ಲಿ ಸ್ವಲ್ಪವೇ ಸ್ವಲ್ಪ ಬಾಗು. ಮಡಚಿದರೆ ಅಂಗೈಯಲ್ಲಿ ಒಂದು ನಯವಾದ ಮರದ ತುಂಡು, ಅಷ್ಟೇ. ಚಾಕು ಎಂದು ಹೇಳಿದ ಮೇಲೆ ಗೊತ್ತಾಗಬೇಕು.

ನಾನು ಕೈ ಚಾಚಿದೆ. ಚಾಚಾ ಕೊಡಲಿಲ್ಲ. ಹಲಗೆಯ ಮೇಲಿಟ್ಟು ನನ್ನ ಕಡೆ ತಳ್ಳಿದರು.

"ಕೈಗೇ ಕೊಡಬಹುದಿತ್ತಲ್ಲ ಚಾಚಾ?"

"ಕೈಗೆ ಕೊಡಲ್ಲ ಮಾ."

"ಜಗಳ ಆಗತ್ತೆ ಅಂತಾನಾ?"

"ಜಗಳಾನೋ ಗಿಗಳಾನೋ ನಂಗೊತ್ತಿಲ್ಲ. ನಲವತ್ತು ವರ್ಷದ ಕೆಲ್ಸ. ಎಣಿಸ್ಕೊಳಿ." ಎರಡೂ ಕೈ ಮುಂದೆ ಚಾಚಿದರು. ಹತ್ತೂ ಬೆರಳಿದ್ದವು.

ನನಗೆ ಬಹಳ ಸಂತೋಷವಾಯಿತು. ನಂಬಿಕೆ ಎಂದರೆ ಹೀಗಿರಬೇಕು. ಕಾರಣ ಕೇಳಿದರೆ ಸಿಟ್ಟಾಗದೆ ಕೈ ಚಾಚಿ ತೋರಿಸಬೇಕು.

ಮನೆಯಲ್ಲಿ ಮೊದಲ ವಾರ ನಾನು ನಗೆಪಾಟಲು. "ಅದ್ಯಾರನ್ನ ಚುಚ್ಚೋಕೆ?" ಎಂದರು ಅಮ್ಮ. ಆಫೀಸಿನಲ್ಲಿ ನನ್ನನ್ನು 'ಡಾನ್' ಎಂದರು. ಎರಡನೆಯ ವಾರ ಅದೇ ಡಾನ್ ಹತ್ತಿರ ಕ್ಯೂ. ಕೊರಿಯರ್ ಡಬ್ಬದ ಟೇಪು ಕತ್ತರಿಸಲು ಒಬ್ಬರು, ಹೊಸ ಕುರ್ತಾದ ಬೆಲೆಚೀಟಿಯ ಪ್ಲಾಸ್ಟಿಕ್ ದಾರ ಕೀಳಲು ಇನ್ನೊಬ್ಬರು, ಸೀಬೆಹಣ್ಣು ಹೆಚ್ಚಿ ಖಾರ ಹಾಕಿಕೊಳ್ಳಲು ಎಲ್ಲರೂ. ಅದುವರೆಗೆ ಇವರೆಲ್ಲ ಏನು ಮಾಡುತ್ತಿದ್ದರು ಗೊತ್ತೇ? ಸ್ಕೂಟರ್ ಕೀ. ಇಲ್ಲವೇ ಹಲ್ಲು. ಇಪ್ಪತ್ತೊಂದನೆಯ ಶತಮಾನದಲ್ಲಿ ವಿದ್ಯಾವಂತರು ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿಯುತ್ತಾರೆ, ಆಮೇಲೆ ಚಾಕು ಇಟ್ಟುಕೊಂಡವಳು ಅನಾಗರಿಕಳು!

ಒಮ್ಮೆ ಮಾಲ್‌ನ ಬಾಗಿಲಲ್ಲಿ ಸೆಕ್ಯೂರಿಟಿ ಅಕ್ಕ ನನ್ನ ಬ್ಯಾಗಿನಿಂದ ಅದನ್ನು ಹೊರತೆಗೆದರು. "ಇದೇನ್ ಮೇಡಂ?" "ಹಣ್ಣು ಹೆಚ್ಚೋ ಚಾಕು." ಅವರು ಬಿಡಿಸಿ ನೋಡಿದರು. ತಮ್ಮ ಯೂನಿಫಾರ್ಮಿನ ತೋಳಿನಲ್ಲಿ ಜೋತಾಡುತ್ತಿದ್ದ ಒಂದು ದಾರವನ್ನು ಕಚಕ್ಕನೆ ಕತ್ತರಿಸಿಕೊಂಡರು. "ಚೆನ್ನಾಗೈತೆ," ಎಂದರು. ಆಮೇಲೆ, "ಒಳಗೆ ಬಿಡಕ್ಕಾಗಲ್ಲ, ಇಲ್ಲೇ ಇಟ್ಟೋಗಿ."

ಸರಿ. ಈಗ ಅಪರಾಧಕ್ಕೆ ಬರೋಣ.

ನಮ್ಮ ಮನೆಗೂ ರತ್ನಾಂಟಿಯ ಮನೆಗೂ ನಡುವೆ ಎದೆಯೆತ್ತರದ ಕಾಂಪೌಂಡ್ ಗೋಡೆಯಿದೆ. ಗೋಡೆ ಎನ್ನುವುದು ಹೆಸರಿಗೆ, ಅದು ಎರಡು ಮನೆಗಳ ಕೌಂಟರ್. ಹೆಪ್ಪಿಗೆ ಮೊಸರು, ಕರಿಬೇವು, ಅರ್ಧ ತೆಂಗಿನಕಾಯಿ, ಓದಿ ಮುಗಿದ ಪೇಪರ್ರು ಇಪ್ಪತ್ತೆರಡು ವರ್ಷದಿಂದ ಅದರ ಮೇಲೆ ಓಡಾಡುತ್ತಿವೆ. ಸಂಜೆ ಐದಕ್ಕೆ ಅಮ್ಮ ಈ ಕಡೆ, ಆಂಟಿ ಆ ಕಡೆ, ಇಬ್ಬರ ಕಾಫಿ ಲೋಟ ಗೋಡೆಯ ಮೇಲೆ. ರಸ್ತೆಯ ಸಮಸ್ತ ಸುದ್ದಿಯೂ ಅಲ್ಲೇ ಸೋಸಿ ಇಳಿಯುವುದು.

ಅವತ್ತು ಶನಿವಾರ. ನಾನು ಆಫೀಸಿಗೆ ಹೊರಡುತ್ತಿದ್ದೆ. ಆಂಟಿಯ ಮನೆಗೆ ಅವರ ಗಂಡನ ಅಕ್ಕ ನಂಜನಗೂಡಿನಿಂದ ಊಟಕ್ಕೆ ಬರುವವರಿದ್ದರು. ಅಪ್ಪ ಅಮ್ಮನಿಗೂ ಅಲ್ಲೇ ಊಟ.

"ಚೈತ್ರಾ, ನಿನ್ನ ಆ ಪುಟಾಣಿ ಚಾಕು ಕೊಡೇ. ನಾಲ್ಕು ಬಾಳೆ ಎಲೆ ಕೊಯ್ಕೋಬೇಕು," ಎಂದು ಆಂಟಿ ಗೋಡೆಯಾಚೆಯಿಂದ ಕೂಗಿದರು.

ನಾನು ಅಲಗು ಬಿಡಿಸಿ, ಹಿಡಿಯನ್ನು ಅವರ ಕಡೆ ತಿರುಗಿಸಿ, ಕೊಟ್ಟೆ. ಕೈಯಿಂದ ಕೈಗೆ.

"ಅಯ್ಯೋ, ಗೋಡೆ ಮೇಲೆ ಇಡೇ!" ಹಿಂದಿನಿಂದ ಅಮ್ಮ ಕಿರುಚಿದರು.

ನೀವು ನಮ್ಮ ಕಡೆಯವರಾದರೆ ನಿಯಮ ಗೊತ್ತಿರುತ್ತದೆ. ಚಾಕು, ಕತ್ತರಿ ಕೈಗೆ ಕೈ ಕೊಡಬಾರದು. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಜಗಳ. ಮಡಚುವ ಚಾಕು ಬಂದ ಮೇಲೆ ನಮ್ಮ ಮನೆಯಲ್ಲಿ ಈ ಕಾನೂನಿಗೆ ಒಂದು ತಿದ್ದುಪಡಿಯೂ ಆಗಿತ್ತು. ಮಡಚಿದ ಚಾಕು ಚಾಕುವೇ? ಎರಡು ದಿನ ಯೋಚಿಸಿ ಅಮ್ಮ ತೀರ್ಪು ಕೊಟ್ಟಿದ್ದರು: ಮಡಚಿದ್ದರೆ ಪರವಾಗಿಲ್ಲ, ಬಿಡಿಸಿದ್ದರೆ ಕೂಡದು. (ಸುಪ್ರೀಂ ಕೋರ್ಟಿಗೆ ಹೋಗಬೇಕಾದ ಹೆಂಗಸು.) ನಾನು ಬಿಡಿಸಿ ಕೊಟ್ಟಿದ್ದೆ.

"ಏನೂ ಆಗಲ್ಲ ಬುಡಿ ಶಾರದಕ್ಕ," ಎಂದು ಆಂಟಿ ನಕ್ಕರು. ನಾನು ಸ್ಕೂಟರ್ ಹತ್ತಿದೆ.

ಸಂಜೆ ಬಂದಾಗ ಗೋಡೆಯ ಮೇಲೆ ಕಾಫಿ ಲೋಟಗಳಿರಲಿಲ್ಲ. ಅಮ್ಮ ಒಳಗೆ ಕೂತು, ತಾವು ಎಂದೂ ನೋಡದ ಸೀರಿಯಲ್ ನೋಡುತ್ತಿದ್ದರು.

"ಏನಾಯ್ತಮ್ಮ?"

"ಏನಾಗ್ಬೇಕೋ ಅದಾಯ್ತು. ಚಾಕು ಕೈಗೆ ಕೊಟ್ಯಲ್ಲ."

ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ಚಾಕು ಇತ್ತು. ತೊಳೆದು, ಒರೆಸಿ, ಮಡಚಿ. ಆಂಟಿ ಕೂಗಿ ಕರೆದಿರಲಿಲ್ಲ.

ಒಂದು ವಾರ. ಎರಡು ವಾರ. ನಾನು ಇದನ್ನು ಚಿಕ್ಕ ವಿಷಯ ಎಂದುಕೊಂಡಿದ್ದೆ. ಮೂರನೆಯ ವಾರ ನಮ್ಮ ಮೊಸರು ಕೆಟ್ಟಿತು. ಹೆಪ್ಪು ಕೇಳಲು ಪಕ್ಕದ ಮನೆಗೆ ಹೋಗುವ ಬದಲು ಅಮ್ಮ ಅಂಗಡಿಗೆ ಹೋಗಿ ಪ್ಯಾಕೆಟ್ ಮೊಸರು ತಂದರು. ಪ್ಯಾಕೆಟ್ ಮೊಸರು! ನಮ್ಮ ಮನೆಯಲ್ಲಿ! ಅಪ್ಪ ಅದನ್ನು ಅನ್ನಕ್ಕೆ ಕಲಸಿಕೊಂಡು ಅರ್ಧಕ್ಕೇ ಎದ್ದುಹೋದರು. ಆಗ ನನಗೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು.

ಮಹಡಿಯ ಮೇಲೆ ಇನ್ನೊಂದು ಸಮಸ್ಯೆ ಒಣಗುತ್ತಿತ್ತು. ಪ್ರತಿ ಬೇಸಿಗೆ ಅಮ್ಮ, ಆಂಟಿ ಸೇರಿ ಇಡೀ ವರ್ಷಕ್ಕಾಗುವಷ್ಟು ಹುಳಿಪುಡಿ ಮಾಡುತ್ತಾರೆ. ಜೊತೆಯಲ್ಲೇ ಮೆಣಸಿನಕಾಯಿ ತಂದು ನಮ್ಮ ಮಹಡಿಯಲ್ಲಿ ಒಣಗಿಸುವುದು, ಒಬ್ಬರು ಹುರಿಯುವುದು, ಇನ್ನೊಬ್ಬರು ಕೆಮ್ಮುವುದು. ಈ ಸಲ ಮೆಣಸಿನಕಾಯಿ ಒಣಗಿ ಗಲಗಲ ಎನ್ನುತ್ತಿತ್ತು, ಅಮ್ಮ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಐದು ಗಂಟೆಗೆ ಮೇಲೆ ಹೋದರೆ ಅಮ್ಮ ಅವುಗಳಲ್ಲಿ ಸುಮ್ಮನೆ ಕೈಯಾಡಿಸುತ್ತ ನಿಂತಿದ್ದರು. ಅಲ್ಲಿಂದ ಆಂಟಿಯ ಹಿತ್ತಲು ಕಾಣುತ್ತದೆ.

ಅಮ್ಮನಿಗೆ ಬೇರೆ ಗೆಳತಿಯರಿಲ್ಲ. ಇದು ನನಗೆ ಅವತ್ತು ಹೊಳೆಯಿತು.

ಒಬ್ಬ ಒಳ್ಳೆಯ ಮಗಳು ಆಗ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ನಾನು ಕಾಲೇಜಿನಲ್ಲಿ ಮೂರು ವರ್ಷ ಡಿಬೇಟ್ ಟೀಮಿನಲ್ಲಿದ್ದವಳು. ನಾನು ಕೇಸು ನಡೆಸಲು ಹೊರಟೆ.

"ಅಮ್ಮ, ಒಂದು ಪಾಯಿಂಟ್. ಚಾಕು ಕೊಟ್ಟಿದ್ದು ನಾನು, ತಗೊಂಡಿದ್ದು ಆಂಟಿ. ನಿಮ್ಮ ನಿಯಮದ ಪ್ರಕಾರ ಜಗಳ ಆಗಬೇಕಾದ್ದು ನಮ್ಮಿಬ್ಬರಿಗೆ. ನೀನು ಮಧ್ಯೆ ಎಲ್ಲಿಂದ ಬಂದೆ?"

"ಚಾಕು ಈ ಮನೇದು, ಹೋಗಿದ್ದು ಆ ಮನೆಗೆ. ಮನೆಮನೆಗೆ ಆಯ್ತು."

"ಹಾಗಾದ್ರೆ ಅಪ್ಪಂಗೂ ಅಂಕಲ್‌ಗೂ ಯಾಕೆ ಆಗ್ಲಿಲ್ಲ? ಅವರಿಬ್ಬರೂ ದಿನಾ ವಾಕಿಂಗ್ ಹೋಗ್ತಾರೆ."

"ಜಗಳ ಆಡಕ್ಕೆ ಮಾತಾಡ್ಬೇಕಲ್ವಾ. ಅವರಿಬ್ರೂ ಯಾವತ್ತು ಮಾತಾಡಿದ್ದಾರೆ?"

ನೋಡಿ, ಇಂಥವರ ಜೊತೆ ವಾದ ಮಾಡುವುದು ಹೇಗೆ?

ಪ್ರಯೋಗ ಮಾಡಿದೆ. ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಚಾಕುವನ್ನು ಬಿಡಿಸಿ ಕೈಗೇ ಕೊಟ್ಟೆ. ಆಫೀಸಿನ ಐದು ಜನಕ್ಕೆ, ಎಳನೀರಿನವರಿಗೆ (ತಮ್ಮ ಮಚ್ಚಿನ ಪಕ್ಕ ಅದನ್ನಿಟ್ಟು ಬಹಳ ಹೊತ್ತು ನಕ್ಕರು), ಅಪ್ಪನಿಗೆ. ಎಲ್ಲರೂ ಕೆಲಸ ಮುಗಿಸಿ ವಾಪಸು ಕೊಟ್ಟರು. ಇಬ್ಬರ ಜೊತೆ ಜಗಳವಾಯಿತು, ನಿಜ. ಚಾಕು ಕೈಗೆ ಕೊಟ್ಟರೆ ಜಗಳವಾಗುತ್ತದೆಯೇ ಇಲ್ಲವೇ ಎಂಬ ವಿಷಯದಲ್ಲೇ ಜಗಳವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾದರೆ ಆ ಮಧ್ಯಾಹ್ನ ನಿಜವಾಗಿ ಏನಾಯಿತು? ನಾನು ಕೇಳಬಹುದಾದ ಪ್ರತ್ಯಕ್ಷದರ್ಶಿ ಒಬ್ಬರೇ. ಅಪ್ಪ. ಮಾತು ಕಮ್ಮಿ, ಕಿವಿ ಚುರುಕು. ವಾಕಿಂಗ್ ಮುಗಿಸಿ ಬಂದವರನ್ನು ಗೇಟಿನಲ್ಲೇ ಹಿಡಿದೆ.

"ಅವತ್ತು ಊಟಕ್ಕೆ ಏನಿತ್ತಪ್ಪ?"

"ಹುಳಿ, ಪಲ್ಯ, ಪಾಯಸ."

"ಆಮೇಲೆ?"

"ಆ ನಂಜನಗೂಡಿನೋರು ಹುಳಿ ಬಹಳ ಚೆನ್ನಾಗಿದೆ ಅಂದ್ರು. ಪುಡಿ ಯಾರದ್ದು ಅಂದ್ರು. ರತ್ನ ಅವರು ನಂದೇ ಅಂದ್ರು." ಅಪ್ಪ ಚಪ್ಪಲಿ ಬಿಟ್ಟರು. "ನಿಮ್ಮಮ್ಮ ನಗ್ತಾ, 'ನಂದೇ ಅಂತಾಳೆ ನೋಡಿ, ನಮ್ಮನೆ ಡಬ್ಬೀದು ಅದು' ಅಂದ್ಲು."

"ಆಮೇಲೆ?"

"ಆಮೇಲೆ ಆ ನಂಜನಗೂಡಿನೋರೂ ನಕ್ಕರು. 'ನಾನೂ ಅಂದ್ಕೊಂಡೆ, ರತ್ನಂಗೆ ಇಷ್ಟು ಹದ ಎಲ್ಲಿಂದ ಬಂತು ಅಂತ' ಅಂದ್ರು." ಅಪ್ಪ ಒಳಗೆ ಹೊರಟರು. ಬಾಗಿಲಲ್ಲಿ ನಿಂತು, "ಪಾಯಸ ಯಾರೂ ತಿನ್ಲಿಲ್ಲ," ಎಂದರು.

ಸಿಕ್ಕಿತು! ಚಾಕು ನಿರಪರಾಧಿ. ಕಾರಣ ಹುಳಿಪುಡಿ. ಅದೂ ಏನು ಮಹಾ? ಜೊತೆಯಲ್ಲಿ ಮಾಡಿದ ಪುಡಿ, ಅಳತೆ ಅಮ್ಮನದು, ಅರ್ಧ ಬೆವರು ಆಂಟಿಯದು. ಇಬ್ಬರೂ ಹೇಳಿದ್ದು ಅರ್ಧರ್ಧ ನಿಜ. ಇದನ್ನು ಬಿಡಿಸಿ ಹೇಳಿದರೆ ಐದು ನಿಮಿಷದಲ್ಲಿ ಮುಗಿಯುವ ವಿಷಯ. ಸತ್ಯ ಗೊತ್ತಾದ ಮೇಲೆ ಜನ ಜಗಳ ಆಡುತ್ತಾರೆಯೇ?

(ನಗಬೇಡಿ. ನಾನು ಹಾಗೆ ನಂಬಿದ್ದೆ.)

ನೇರ ಆಂಟಿಯ ಮನೆಗೆ ಹೋದೆ. ಆಂಟಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ಬಾರೇ, ಕೂತ್ಕೋ," ಎಂದರು. ಮುಖದಲ್ಲಿ ಬೇಸರವಿರಲಿಲ್ಲ. "ನಿನ್ನಿಂದ ನೋಡು, ಚಾಕು ಕೊಟ್ಟು ಎಂಥ ಕೆಲ್ಸ ಮಾಡ್ಬುಟ್ಟೆ," ಎಂದು ಬೈದರು. ಬೈಗುಳದಲ್ಲಿ ಸಲಿಗೆಯಿತ್ತು. ಅದು ನನ್ನ ಕಿವಿಗೆ ಬೀಳಲಿಲ್ಲ. ನಾನು ನನ್ನ ಪಾಯಿಂಟುಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಕ್ರಮವಾಗಿ ಹೇಳಿದೆ. ಚಾಕುವಿಗೂ ಜಗಳಕ್ಕೂ ಸಂಬಂಧವಿಲ್ಲ ಎಂದೆ. ಪ್ರಯೋಗದ ಫಲಿತಾಂಶ ಕೊಟ್ಟೆ. ಸಾಕ್ಷಿಯ ಹೇಳಿಕೆ ಓದಿದ ಹಾಗೆ ಹೇಳಿದೆ. ಕೊನೆಗೆ, "ನಿಜವಾದ ಕಾರಣ ಹುಳಿಪುಡಿ ಆಂಟಿ. ನೀವು 'ನಂದೇ' ಅಂದಿದ್ದು ಪೂರ್ತಿ ಸರಿಯಲ್ಲ, ಆದರೆ ಪೂರ್ತಿ ತಪ್ಪೂ ಅಲ್ಲ," ಎಂದು ಮುಕ್ತಾಯ ಮಾಡಿದೆ.

ಆಂಟಿಯ ಕೈಯಲ್ಲಿ ಹುರುಳಿಕಾಯಿ ಹಾಗೇ ನಿಂತಿತು.

"ಅಂದ್ರೆ ನಾನು ಸುಳ್ಳು ಹೇಳ್ದೆ ಅಂತ ಹೇಳಕ್ ಬಂದ್ಯಾ?"

"ಅಲ್ಲ ಆಂಟಿ, ನಾನು ಹೇಳ್ತಿರೋದು..."

"ಅರ್ಥ ಆಯ್ತು ಕಣಮ್ಮ. ಒಲೆ ಮೇಲೆ ಹಾಲಿಟ್ಟಿದೀನಿ, ಹೋಗಿ ಬಾ."

ಒಲೆಯ ಮೇಲೆ ಹಾಲಿರಲಿಲ್ಲ. ನಾನು ಕೂತ ಜಾಗದಿಂದ ಒಲೆ ಕಾಣುತ್ತಿತ್ತು. ಆದರೆ ಅದನ್ನು ವಾದಿಸಿ ತೋರಿಸಬಾರದು ಎನ್ನುವಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಪುಡಿ ವಿಷಯ ಎತ್ತಿದ್ಯಾ? ಬಾಯ್ಬಿಟ್ಟು ಪುಡಿ ಅಂದ್ಯಾ?"

"ಅದೇ ತಾನೇ ನಿಜ?"

"ನಿಜ ಅಂತ ನಂಗೊತ್ತಿಲ್ವೇನೇ? ಅವಳಿಗೆ ಗೊತ್ತಿಲ್ವಾ? ಆಡಿದ ಮರುಕ್ಷಣಾನೇ ಗೊತ್ತಾಯ್ತು, ನಾಲ್ಕು ಜನದ ಮುಂದೆ ಆಡ್ಬಾರ್ದಾಗಿತ್ತು ಅಂತ. ಆದ್ರೆ ಎಂಗೆ ಹೋಗಿ ಹೇಳ್ಲಿ? ಹೇಳಕ್ಕೆ ಹೋದ್ರೆ ಮತ್ತೆ ಅದೇ ಮಾತು ಎತ್ಬೇಕು." ಅಮ್ಮನ ದನಿ ಏರಿತು. "ಅವಳು ಚಾಕು ಅಂತಿದ್ಲು, ನಾನೂ ಚಾಕು ಅಂತಿದ್ದೆ. ಇನ್ನೊಂದು ವಾರ ಹೋಗಿದ್ರೆ ಇಬ್ರೂ ಸೇರಿ ನಿನ್ನ ಬೈಕೊಂಡು ಒಂದಾಗ್ಬುಡ್ತಿದ್ವಿ. ಎಲ್ಲಾ ಕೆಡಿಸ್ಬುಟ್ಟೆ!"

ಮೂರು ವರ್ಷದ ಡಿಬೇಟಿನಲ್ಲಿ ಇಷ್ಟು ಚೆನ್ನಾಗಿ ಯಾರೂ ನನ್ನನ್ನು ಸೋಲಿಸಿರಲಿಲ್ಲ.

ಇಬ್ಬರು ಬುದ್ಧಿವಂತ ಹೆಂಗಸರು ಒಂದು ಮಾತೂ ಆಡದೆ, ಗೋಡೆಯ ಆಚೆ ಈಚೆ ಕೂತು, ತಮ್ಮ ತಪ್ಪನ್ನೆಲ್ಲ ಮೆಲ್ಲಗೆ ಒಂದು ಚಾಕುವಿನ ಮೇಲೆ ಸಾಗಿಸುತ್ತಿದ್ದರು. ಚಾಕುವಿಗೆ ಮಾನವಿಲ್ಲ, ಮುನಿಸಿಲ್ಲ. ಎಷ್ಟು ಬೇಕಾದರೂ ಹೊರುತ್ತದೆ. ನಾನು ಹೋಗಿ ಅಷ್ಟನ್ನೂ ಎತ್ತಿ ಮತ್ತೆ ಅವರವರ ತಲೆಯ ಮೇಲೆ ಇಟ್ಟು ಬಂದಿದ್ದೆ. ರುಜುವಾತಿನ ಸಮೇತ.

ಆಂಟಿ ಆಮೇಲೆ ನನ್ನನ್ನು ನೋಡಿದರೂ ನೋಡದ ಹಾಗೆ ಹೋಗತೊಡಗಿದರು. ನಿಯಮದಂತೆ ನಮ್ಮಿಬ್ಬರ ಜಗಳವೂ ಆಯಿತು. ಚಾಕುವಿನ ಪರವಾಗಿ ವಾದಿಸಿ ನಾನು ನಂಬಿಕೆಯನ್ನೇ ನಿಜ ಮಾಡಿಕೊಟ್ಟೆ!

ನಾಲ್ಕು ದಿನ ಯೋಚಿಸಿದೆ. ಡಿಬೇಟಿನಲ್ಲಿ ಒಂದು ಪದ್ಧತಿಯಿದೆ. ವಿಷಯದ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಕೊಡುತ್ತಾರೆ. ನಿಮಗೆ ಒಪ್ಪಿಗೆಯಿಲ್ಲದ ಕಡೆಗೂ ನಿಂತು ಪ್ರಾಮಾಣಿಕವಾಗಿ ವಾದಿಸಬೇಕು. ಟೀಮಿನಲ್ಲಿದ್ದಾಗ ನಾನು ಎಂತೆಂಥ ಮಾತಿಗೆ ವಾದ ಮಾಡಿ ಗೆದ್ದಿಲ್ಲ? ಬರೀ ಒಂದು ಸ್ಟೀಲ್ ತಟ್ಟೆ, ಒಂದು ಪ್ರಮಾಣಪತ್ರಕ್ಕಾಗಿ. ಅಮ್ಮನ ಸಂಜೆ ಐದು ಗಂಟೆಗಾಗಿ ಒಮ್ಮೆ ಆ ಕಡೆ ನಿಂತರೆ ಏನು?

ಮಾರನೆಯ ಸಂಜೆ ಆಂಟಿ ಗಿಡಕ್ಕೆ ನೀರು ಬಿಡುವಾಗ ಗೋಡೆಯ ಹತ್ತಿರ ಹೋದೆ. ನಮ್ಮ ಅಡುಗೆಮನೆಯ ಕಿಟಕಿ ತೆರೆದಿತ್ತು. ಅಮ್ಮ ಒಳಗಿದ್ದಾರೆ ಎಂದು ನನಗೂ ಗೊತ್ತು, ಆಂಟಿಗೂ ಗೊತ್ತು.

"ಆಂಟಿ, ತಪ್ಪು ನಂದೇ. ಅವತ್ತು ಚಾಕು ಕೈಗೆ ಕೊಡಬಾರದಾಗಿತ್ತು."

ಆಂಟಿ ಪೈಪು ಹಿಡಿದುಕೊಂಡೇ ನಿಂತರು. ನೀರು ಒಂದೇ ಗಿಡಕ್ಕೆ ಹೋಗುತ್ತಿತ್ತು.

"ಮೊನ್ನೆ ಏನೋ ಬೇರೆ ಹೇಳ್ತಿದ್ದೆ?"

"ಮೊನ್ನೆ ಹೇಳಿದ್ದನ್ನ ವಾಪಸ್ ತಗೋತಿದೀನಿ."

"ನಂಬ್ತೀಯಾ ನೀನು ಇದನ್ನೆಲ್ಲ?"

ಇದು ಕಷ್ಟದ ಪ್ರಶ್ನೆ. ನಾನು ಸುಳ್ಳು ಹೇಳುವುದಿಲ್ಲ. (ಹೇಳಿದರೆ ಹಿಡಿಯುವುದು ಬಹಳ ಸುಲಭ.) "ನಂಬ್ತೀನಿ ಅಂತಿಲ್ಲ ಆಂಟಿ. ತಪ್ಪು ಒಪ್ಕೋತಿದೀನಿ."

ಆಂಟಿ ನನ್ನನ್ನು ಒಂದು ಕ್ಷಣ ನೋಡಿದರು. ಇಡೀ ನಾಟಕ ಅವರಿಗೆ ಅರ್ಥವಾಗಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ದನಿ ಎತ್ತಿ, ನನ್ನನ್ನಲ್ಲ, ಕಿಟಕಿಯನ್ನು ನೋಡಿ ಹೇಳಿದರು:

"ಇಷ್ಟುದ್ದ ಬೆಳೆದವಳೆ, ಒಂದು ಚಾಕು ಎಂಗೆ ಕೊಡ್ಬೇಕು ಅಂತ ಗೊತ್ತಿಲ್ಲ. ಮನೇಲಿ ಯಾರೂ ಹೇಳಿಕೊಡಲ್ವಾ?"

ಕಿಟಕಿ ಉತ್ತರಿಸಿತು: "ನಾನು ಹೇಳಿದ್ರೆ ಕೇಳ್ತಾಳಾ ರತ್ನ? ನೀನೇ ಸರಿಯಾಗಿ ಬೈದು ಹೇಳು."

"ಬೈದೇ ಬೈತೀನಿ. ಬನ್ನಿ ನೀವೂ, ಇಬ್ರೂ ಸೇರಿ ಬೈಯೋಣ."

ಬೈದರು. ಹೇಗೆ ಬೈದರು ಅಂತೀರಿ! ನನ್ನ ಚಾಕುವಿನಿಂದ ಶುರುವಾಗಿ, ನನ್ನ ಸ್ಕೂಟರ್ ವೇಗ, ನಾನು ಒದ್ದೆ ಟವೆಲ್ ಎಸೆಯುವ ರೀತಿ, ಪ್ರತಿ ಮಾತಿಗೂ 'ಯಾಕೆ' ಅನ್ನುವುದು, ಮೂರನೆಯ ಕ್ಲಾಸಿನಲ್ಲಿ ಆಂಟಿಯ ಮನೆಯ ಗಾಜು ಒಡೆದದ್ದು, ಎಲ್ಲ ಬಂತು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿಕೊಟ್ಟರು. ಮುಕ್ಕಾಲು ಗಂಟೆ. ನಡುವೆ ಕಾಫಿ ಲೋಟಗಳು ಬಂದವು. ನನಗೆ ಯಾರೂ ಕೊಡಲಿಲ್ಲ.

ಕೊನೆಯಲ್ಲಿ ಅಮ್ಮ ಲೋಟ ಎತ್ತಿಕೊಳ್ಳುತ್ತ, ಏನೋ ಆಗಲೇ ನೆನಪಾದಂತೆ ಹೇಳಿದರು: "ಈ ಸಲ ಪುಡಿ ನಿಮ್ಮನೇಲೇ ಹುರಿಯೋಣ ರತ್ನ. ಕೊತ್ತಂಬರಿ ಬೀಜ ನಿನ್ನ ಕೈಲೇ ಹದ ಬರೋದು. ನಾನು ಯಾವಾಗ್ಲೂ ಸೀಯ್ಸಿ ಬುಡ್ತೀನಿ."

ಅಮ್ಮ ಜನ್ಮದಲ್ಲಿ ಕೊತ್ತಂಬರಿ ಬೀಜ ಸೀಯಿಸಿದವರಲ್ಲ.

ಆಂಟಿ, "ಅಂಗೇ ಮಾಡೋಣ ಬುಡಿ," ಎಂದು ಪೈಪು ಸುತ್ತಲು ಹೋದರು. ಸ್ವಲ್ಪ ಜಾಸ್ತಿಯೇ ಬಗ್ಗಿ ಸುತ್ತಿದರು.

ಬಾಯಿಬಿಟ್ಟು ಕ್ಷಮೆ ಕೇಳಿದ್ದು ನಾನೊಬ್ಬಳೇ. ನಿಜವಾದ ಕ್ಷಮೆ ಕೇಳಿದ್ದು ಅಮ್ಮ. ಅದು ಇಬ್ಬರಿಗೂ ಗೊತ್ತು.

ಇಷ್ಟಕ್ಕೇ ಈ ಅಂಕಣ ಮುಗಿಸಿ, 'ಎಲ್ಲ ನಂಬಿಕೆಯ ಹಿಂದೆಯೂ ಹಿರಿಯರ ಜಾಣತನವಿದೆ' ಎಂದು ಬರೆದಿದ್ದರೆ ನಿಮ್ಮಲ್ಲಿ ಅರ್ಧ ಜನ ಫಾರ್ವರ್ಡ್ ಮಾಡುತ್ತಿದ್ದಿರಿ. ನಾನೂ ಹಾಗೇ ಬರೆಯುವವಳಿದ್ದೆ. ಆದರೆ ಭಾನುವಾರ ಆಂಟಿಯ ಮನೆಯಲ್ಲಿ ಪುಡಿ ಹುರಿಯುವಾಗ ನಾನೂ ಇದ್ದೆ. ಕೆಮ್ಮುವ ಕೆಲಸ ನನ್ನದಾಗಿತ್ತು.

ಅಮ್ಮ ಬಾಣಲೆ ಕೆದಕುತ್ತ, ಕೊನೆಗೂ ಕೇಳಿದರು. "ರತ್ನ, ಅಷ್ಟು ಯಾಕೆ ನೊಂದ್ಕೊಂಡೆ ನೀನು ಅವತ್ತು?"

ಆಂಟಿ ಕೊತ್ತಂಬರಿ ಬೀಜ ಅಳೆಯುತ್ತಿದ್ದರು. "ನಂಜನಗೂಡಿನ ಅತ್ತಿಗೆ ನನ್ನ ಕೈಯಡುಗೆ ಚೆನ್ನಾಗಿದೆ ಅಂದಿದ್ದು ಅವತ್ತೇ ಮೊದಲು ಶಾರದಕ್ಕ. ಇಪ್ಪತ್ತೆಂಟು ವರ್ಷಕ್ಕೆ."

"ಅಷ್ಟೊಂದು ಬಿಗುವಾ?"

"ನಾನು ಮದುವೆ ಆಗಿ ಬಂದ ವರ್ಷ ಮಾವನೋರ ಅಂಗಡಿ ಮುಚ್ಚೋಯ್ತು. ಯಾಕೆ ಮುಚ್ತು ಅಂತ ಮನೇಲಿ ಎಲ್ಲಾರಿಗೂ ಗೊತ್ತಿತ್ತು. ಮಾವ ಇಸ್ಪೀಟಾಡೋರು."

"ಮತ್ತೆ?" ಎಂದೆ ನಾನು.

"ಮತ್ತೇನು? ನನ್ನ ಕಾಲ್ಗುಣ ಅಂದ್ರು ಅತ್ತಿಗೆ." ಆಂಟಿ ಬೀಜವನ್ನು ಬಾಣಲೆಗೆ ಸುರಿದರು. "ಸ್ವಂತ ಅಪ್ಪ ಇಸ್ಪೀಟಾಡಿ ಕಳೆದ್ರು ಅಂತ ಮಗಳು ಹೇಳಕ್ಕಾಗತ್ತಾ? ಪಾಪ, ಅವ್ರಾದ್ರೂ ಏನ್ ಮಾಡ್ತಾರೆ. ಯಾರ್ದಾದ್ರೂ ತಲೆಗೆ ಕಟ್ಬೇಕಲ್ವಾ."

'ಪಾಪ' ಎಂದರು ಆಂಟಿ. ಯಾರಿಗೆ ಎಂದು ಗಮನಿಸಿದಿರಾ?

ಅಮ್ಮ ಸೌಟು ಬಿಟ್ಟು ಅವರ ಭುಜದ ಮೇಲೆ ಕೈ ಇಟ್ಟರು. ಕೊತ್ತಂಬರಿ ಬೀಜ ಮೊದಲ ಸಲ ನಿಜವಾಗಿಯೂ ಸೀದುಹೋಯಿತು. ಯಾರೂ ಎದ್ದು ಒಲೆ ಆರಿಸಲಿಲ್ಲ. ನಾನೇ ಆರಿಸಿದೆ.

ಅದೇ ಉಪಾಯ, ಅದೇ ಜಾಣತನ. ಹೇಳಲಾಗದ ನಿಜವನ್ನು ಬೇರೆ ಯಾವುದರದೋ ಮೇಲೆ ಹೊರಿಸಿ ಮನೆಯ ಮಾನ ಉಳಿಸಿಕೊಳ್ಳುವುದು. ಈಗಲೂ ನನ್ನ ಚಾಕು ನನ್ನ ಜೇಬಿನಲ್ಲಿದೆ. ಕೈಗೆ ಕೊಡುವುದಿಲ್ಲ, ಕೆಳಗಿಡುತ್ತೇನೆ. ಅಮ್ಮನಿಗೂ ಆಂಟಿಗೂ ಮತ್ತೊಮ್ಮೆ ಜಗಳವಾದರೆ ಅದು ಮತ್ತೆ ತಪ್ಪು ಹೊರಲಿ, ನನ್ನ ಆಕ್ಷೇಪಣೆಯಿಲ್ಲ.

ಆದರೆ ಚಾಕುವಿನ ತಲೆಗೆ ಕಟ್ಟಿದರೆ ಅದಕ್ಕೇನೂ ನೋವಾಗುವುದಿಲ್ಲ, ಆಗಷ್ಟೇ ಮದುವೆಯಾಗಿ ಬಂದ ಇಪ್ಪತ್ತು ವರ್ಷದ ಹುಡುಗಿಯ ತಲೆಗೆ ಕಟ್ಟಿದರೆ?